ಲಿಲ್ ಕಡೆಗೆ ಹೊಸದಾಗಿ ಬಂದವರಿಗೆ: ನ್ಯೂವ್ ಶಪೆಲ್ ಎಂಬ ಹಳ್ಳಿ

ಪ್ಯಾರಿಸ್ಸಿಗೆ ನೀವು ಹೇಗೂ ಹೋಗೇ ಹೋಗುತ್ತೀರಿ. ಅದಕ್ಕೂ ಮೊದಲು ಒಂದು ಶನಿವಾರ ನ್ಯೂವ್ ಶಪೆಲ್‌ಗೆ ಹೋಗಿ ಬನ್ನಿ. ಉತ್ತರ ಫ್ರಾನ್ಸಿನ ಲಿಲ್ ನಗರದಿಂದ ಪಶ್ಚಿಮಕ್ಕೆ ಸುಮಾರು 25 ಕಿ.ಮೀ., ಪಾ ದ ಕಲೇ ಜಿಲ್ಲೆಯಲ್ಲಿರುವ ಸಾವಿರ ಚಿಲ್ಲರೆ ಜನರ ಬೇಸಾಯದ ಊರು. ಊರಿಗೆ ರೈಲಿಲ್ಲ. ಲಿಲ್–ಬೆತ್ಯೂನ್ ರೈಲಿನಲ್ಲಿ ಲಾ ಬಾಸೆಯಲ್ಲಿ ಇಳಿದರೆ ಮುಂದೆ ಐದಾರು ಕಿ.ಮೀ. ಸೈಕಲ್ಲೋ ಟ್ಯಾಕ್ಸಿಯೋ ಬೇಕು. ಕಾರಿದ್ದರೆ ಲಾ ಬಾಸೆಯಿಂದ ಎಸ್ತೇರ್ ಕಡೆಗೆ ಹೋಗುವ ಡಿ947 ರಸ್ತೆ ಹಿಡಿಯಿರಿ.

ಮೊದಲ ನೋಟಕ್ಕೆ ಇಲ್ಲಿ ಏನೂ ಇಲ್ಲ ಅನ್ನಿಸುತ್ತದೆ. ಗೋಧಿ, ಆಲೂಗಡ್ಡೆ, ಸಕ್ಕರೆ ಬೀಟ್, ಮೆಕ್ಕೆಜೋಳ. ನಮ್ಮ ನವಲಗುಂದದ ಕಡೆಯ ಹಾಗೆ ಕಣ್ಣು ಹಾಯಿಸಿದಷ್ಟೂ ಬಯಲು. ಇದು ಲಿಸ್ ನದಿಯ ಬಯಲು, ಮಣ್ಣು ಜೇಡಿ. ಗುದ್ದಲಿ ಹಾಕಿದರೆ ಸ್ವಲ್ಪ ಆಳದಲ್ಲೇ ನೀರು. ಅದಕ್ಕೇ ಪ್ರತಿ ಹೊಲದ ಅಂಚಿಗೂ ನೇರವಾದ ಕಾಲುವೆ ತೋಡಿದ್ದಾರೆ. ಪೂರ್ವಕ್ಕೆ ಒಬೆರ್ ಎಂಬ ದಿಬ್ಬವಿದೆ. ದಿಬ್ಬ ಅಂದರೆ ನಗು ಬರುತ್ತದೆ, ನಮ್ಮ ಕಡೆ ಅದಕ್ಕೆ ಹೆಸರೇ ಇಡುತ್ತಿರಲಿಲ್ಲ. ಬಯಲಿಗಿಂತ ಹತ್ತಿಪ್ಪತ್ತು ಮೀಟರ್ ಎತ್ತರ, ಅಷ್ಟೆ.

ಆ ಹತ್ತಿಪ್ಪತ್ತು ಮೀಟರಿಗಾಗಿಯೇ ಮೊದಲ ಮಹಾಯುದ್ಧದಲ್ಲಿ ಇಲ್ಲಿ ಸಾವಿರಾರು ಜನ ಸತ್ತರು. 1914ರ ಅಕ್ಟೋಬರ್ ಕೊನೆಗೆ ಜರ್ಮನರು ಊರು ಹಿಡಿದಿದ್ದರು, ದಿಬ್ಬವೂ ಅವರ ಕೈಯಲ್ಲಿತ್ತು. ಕೆಳಗಿದ್ದ ಬ್ರಿಟಿಷ್ ಕಡೆಯವರಿಗೆ ಕಂದಕ ತೋಡುವುದಕ್ಕೂ ಆಗುತ್ತಿರಲಿಲ್ಲ, ತೋಡಿದ ಕೂಡಲೇ ನೀರು ತುಂಬುತ್ತಿತ್ತು. ಅದಕ್ಕೆ ನೆಲದ ಮೇಲೆಯೇ ಮಣ್ಣಿನ ಚೀಲ ಪೇರಿಸಿ ಗೋಡೆ ಕಟ್ಟಿಕೊಂಡರು. 1915ರ ಮಾರ್ಚ್ 10ರ ಬೆಳಗ್ಗೆ 7.30ಕ್ಕೆ ಬ್ರಿಟಿಷ್ ಫಿರಂಗಿಗಳು 35 ನಿಮಿಷ ಗುಂಡು ಸುರಿಸಿದವು. ಆಮೇಲೆ ನುಗ್ಗಿದ ಪಡೆಯಲ್ಲಿ ಭಾರತದ ಸೈನಿಕರೂ ಇದ್ದರು. ಗಢವಾಲಿಗಳು, ಗೂರ್ಖಾಗಳು, ಪಂಜಾಬಿಗಳು. ಮಾರ್ಸೆಯಲ್ಲಿ ಹಡಗಿನಿಂದ ಇಳಿದು ಅವರಿಗೆ ಇನ್ನೂ ಆರು ತಿಂಗಳೂ ಸರಿಯಾಗಿ ಆಗಿರಲಿಲ್ಲ. ಊರು ಅದೇ ದಿನ ಕೈಗೆ ಬಂತು. ದಿಬ್ಬ ಬರಲೇ ಇಲ್ಲ. ಮೂರು ದಿನದಲ್ಲಿ ಸತ್ತವರು, ಗಾಯಗೊಂಡವರು ಸೇರಿ ಭಾರತೀಯರೇ ಸುಮಾರು 4,200. ಗೆದ್ದ ನೆಲದ ಆಳ ಎರಡು ಕಿ.ಮೀ. ಕೂಡ ಇಲ್ಲ.

ಊರಲ್ಲಿ ಹಳೆಯ ಕಟ್ಟಡ ಯಾಕೆ ಇಲ್ಲ ಅಂತ ಈಗ ಅರ್ಥವಾಗುತ್ತದೆ, ಅಲ್ವಾ? ಚರ್ಚು, ಮನೆ, ಕೊಟ್ಟಿಗೆ ಎಲ್ಲ ಪುಡಿಯಾಗಿತ್ತು. ಈಗ ಕಾಣುವ ಕೆಂಪು ಇಟ್ಟಿಗೆಯ ಊರು ಯುದ್ಧ ಮುಗಿದ ಮೇಲೆ ಮತ್ತೆ ಕಟ್ಟಿದ್ದು.

ಊರ ಹೊರಗಿನ ನಾಲ್ಕು ದಾರಿ ಕೂಡುವ ಜಾಗದಲ್ಲಿ ಭಾರತೀಯರ ಸ್ಮಾರಕವಿದೆ. ಹರ್ಬರ್ಟ್ ಬೇಕರ್ ವಿನ್ಯಾಸ ಮಾಡಿದ್ದು, 1927ರ ಅಕ್ಟೋಬರ್ 7ರಂದು ತೆರೆದದ್ದು. ದುಂಡಗಿನ ಆವರಣ, ಸಾಂಚಿ ನೆನಪಾಗುವ ಕಲ್ಲಿನ ಜಾಲಂಧ್ರ, ಸುಮಾರು 15 ಮೀಟರ್ ಎತ್ತರದ ಕಂಬ, ಬುಡದಲ್ಲಿ ಎರಡು ಹುಲಿ. ಗೋಡೆಯ ಮೇಲೆ ಸಮಾಧಿಯೇ ಸಿಗದ 4,700ಕ್ಕೂ ಹೆಚ್ಚು ಜನರ ಹೆಸರಿದೆ. ಹೆಸರುಗಳು ರೆಜಿಮೆಂಟ್ ಪ್ರಕಾರ ಇವೆ, ಅಕ್ಷರದ ಕ್ರಮದಲ್ಲಿ ಹುಡುಕಿದರೆ ಸಿಗುವುದಿಲ್ಲ. ಆ ಮಾರ್ಚ್ 10ರಂದೇ ಸತ್ತು ವಿಕ್ಟೋರಿಯಾ ಕ್ರಾಸ್ ಪಡೆದ ಗಬ್ಬರ್ ಸಿಂಗ್ ನೇಗಿಯ ಹೆಸರು ಬೇಕಿದ್ದರೆ 39ನೇ ಗಢವಾಲ್ ರೈಫಲ್ಸ್ ನೋಡಿ. ಮಕ್ಕಳು "ಮೈಸೂರಿನವರು ಎಲ್ಲಿ?" ಅಂತ ಕೇಳುತ್ತಾರೆ. ನಮ್ಮ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ಬಂದದ್ದು ಇಲ್ಲಿಗಲ್ಲ. ಅವರು ಈಜಿಪ್ಟ್, ಪ್ಯಾಲೆಸ್ಟೀನ್ ಕಡೆ ಹೋಗಿ 1918ರಲ್ಲಿ ಹೈಫಾದಲ್ಲಿ ಹೋರಾಡಿದರು.

ಎದುರಿಗೇ, ರಿಶ್‌ಬೂರ್ ಊರಿನ ಎಲ್ಲೆಯಲ್ಲಿ, ಪೋರ್ಚುಗಲ್ ಸೈನಿಕರ ಸ್ಮಶಾನವಿದೆ. ಬ್ರಿಟಿಷರ ಜೊತೆಗಿದ್ದ ಅವರು ಜರ್ಮನರಿಂದ ಇಲ್ಲಿ ಪೆಟ್ಟು ತಿಂದದ್ದು 1918ರ ಏಪ್ರಿಲ್ 9ರಂದು. ಆ ಕಾಲದಲ್ಲಿ ಈ ಊರ ಬಯಲಲ್ಲಿ ಕೈಕಾಲು ಮುರಿದು ನಿಂತಿದ್ದ ಯೇಸುವಿನ ಮೂರ್ತಿಯನ್ನು 1958ರಲ್ಲಿ ಪೋರ್ಚುಗಲ್ಲಿಗೆ ಕೊಟ್ಟರು. ಈಗ ಬಟಾಲ್ಯ ಮಠದಲ್ಲಿದೆ.

ಇನ್ನು ಮನೆಯವರು ನೆನಪಿಡಬೇಕಾದ ಮಾತು. ಹೊಲದಲ್ಲಿ, ಕಾಲುವೆ ಬದಿಯಲ್ಲಿ ತುಕ್ಕು ಹಿಡಿದ ಕಬ್ಬಿಣ ಕಂಡರೆ ಮಕ್ಕಳು ಮುಟ್ಟದಂತೆ ನೋಡಿಕೊಳ್ಳಿ. ನೂರು ವರ್ಷದ ಹಿಂದಿನ ಸಿಡಿಯದ ಗುಂಡುಗಳು ಉಳುವಾಗ ಇವತ್ತಿಗೂ ಮೇಲೆ ಬರುತ್ತವೆ, ಕೆಲವದರಲ್ಲಿ ವಿಷಗಾಳಿಯೂ ಇರಬಹುದು. ದೂರ ನಿಂತು ಪೊಲೀಸರ 17 ನಂಬರಿಗೆ ಫೋನ್ ಮಾಡಿ, ಇಲ್ಲವೇ ಮೇರಿಗೆ ತಿಳಿಸಿ. ಮೇರಿ ಅಂದರೆ ನಮ್ಮ ಪಂಚಾಯಿತಿ ಕಚೇರಿ ಇದ್ದ ಹಾಗೆ. ಇಂಥ ಹಳ್ಳಿಯಲ್ಲಿ ಬಾಡಿಗೆ ಮನೆ ಹಿಡಿದರೆ ಮಗುವನ್ನು ಸರ್ಕಾರಿ ಶಾಲೆಗೆ ಸೇರಿಸುವ ಅರ್ಜಿಯೂ ಅಲ್ಲಿಗೇ. ವಿಳಾಸದ ದಾಖಲೆ, ಜನನ ಪತ್ರ, ಲಸಿಕೆ ಪುಸ್ತಕ ಜೊತೆಗಿರಲಿ. ಇಲ್ಲಿ ಮೂರು ವರ್ಷಕ್ಕೇ ಓದು ಕಡ್ಡಾಯ. ಕಚೇರಿ ದಿನವಿಡೀ ತೆರೆದಿರುತ್ತದೆ ಅಂದುಕೊಳ್ಳಬೇಡಿ, ವೇಳೆ ನೋಡಿಕೊಂಡು ಹೋಗಿ. ಒಳಗೆ ಹೋದ ಕೂಡಲೇ "ಬೋಂಜೂರ್" ಅನ್ನಿ. ಅದನ್ನು ಬಿಟ್ಟು ನೇರವಾಗಿ ಕೆಲಸದ ಮಾತಿಗೆ ಇಳಿದರೆ ಅಲ್ಲಿಯವರ ಮುಖ ಸಣ್ಣದಾಗುತ್ತದೆ.

ಶರತ್ಕಾಲದಲ್ಲಿ ಬೀಟ್ ಕೀಳುವಾಗ ಟ್ರಾಕ್ಟರಿನ ಗಾಲಿಯಿಂದ ಉದುರಿದ ಕೆಸರು ರಸ್ತೆ ತುಂಬ ಇರುತ್ತದೆ, ಮಳೆ ಬಂದರೆ ಸೋಪಿನಂತೆ ಜಾರುತ್ತದೆ. ನಿಧಾನ ಓಡಿಸಿ. ಚಳಿಗಾಲಕ್ಕೆ "ಶಿಕೋಂ" ಎಂಬ ಬಿಳಿ ಎಲೆಯ ತರಕಾರಿ ಬರುತ್ತದೆ, ಕತ್ತಲಲ್ಲಿ ಬೆಳೆಸುವುದು. ಸ್ವಲ್ಪ ಕಹಿ. ಪಲ್ಯ ಮಾಡಿದರೆ ಪರವಾಗಿಲ್ಲ, ಸಾಂಬಾರಿಗೆ ಹಾಕಬೇಡಿ. ಸ್ಮಾರಕದ ಹತ್ತಿರ ಊಟ ಸಿಗುತ್ತದೆ ಅಂತ ನಂಬಿ ಹೋಗಬೇಡಿ. ಚಿತ್ರಾನ್ನ, ನೀರು ಕಟ್ಟಿಕೊಳ್ಳಿ, ಆದರೆ ಡಬ್ಬಿ ಬಿಚ್ಚುವುದು ಆವರಣದ ಹೊರಗೆ.