30 ಸೆಂಟಿಮೀಟರ್ ಪಟ್ಟಿ

ಹುಡುಗನೊಬ್ಬ ಕಪ್ಪುಹಲಗೆಯ ಮೇಲೆ 1/2 + 1/3 = 2/5 ಎಂದು ಬರೆದು ನನ್ನತ್ತ ತಿರುಗಿದ. ಸರಿಯೇ ಎಂದು ತರಗತಿಯನ್ನು ಕೇಳಿದೆ. ಮುಕ್ಕಾಲು ಪಾಲು ಮಕ್ಕಳು ಕೈ ಎತ್ತಿದರು.

ಬಿ.ಎಡ್. ಎರಡನೆಯ ವರ್ಷದ 16 ವಾರಗಳ ಇಂಟರ್ನ್‌ಶಿಪ್‌ನಲ್ಲಿ ಅದು ಮೂರನೆಯ ದಿನ. ಎಂಟನೆಯ ತರಗತಿಗೆ ಭಾಗಲಬ್ಧ ಸಂಖ್ಯೆಗಳ ಪರಿವರ್ತನೀಯ ಗುಣ (ಭಿನ್ನರಾಶಿಯಂಥ ಸಂಖ್ಯೆಗಳನ್ನು ಯಾವ ಕ್ರಮದಲ್ಲಿ ಕೂಡಿಸಿದರೂ ಗುಣಿಸಿದರೂ ಉತ್ತರ ಒಂದೇ ಎಂಬುದು) ಕಲಿಸಬೇಕೆಂದು ಹಿಂದಿನ ರಾತ್ರಿ ಆರು ಪುಟ ಪಾಠ ಯೋಜನೆ ಬರೆದಿದ್ದೆ. ಭಿನ್ನರಾಶಿಯನ್ನೇ ಕೂಡಿಸಲು ಬಾರದ ಮಕ್ಕಳ ಮುಂದೆ ಆ ಆರು ಪುಟಗಳಿಂದ ಏನೂ ಪ್ರಯೋಜನವಿರಲಿಲ್ಲ.

ಮರುದಿನ ಹಳೆಯ ಪತ್ರಿಕೆಗಳಿಂದ 30 ಸೆಂ.ಮೀ. ಉದ್ದದ ಪಟ್ಟಿಗಳನ್ನು ಕತ್ತರಿಸಿಕೊಂಡು ಹೋದೆ. ಅರ್ಧ ಎಷ್ಟು? ಸ್ಕೇಲಿನಲ್ಲಿ ಅಳೆದು 15 ಎಂದರು. ಮೂರನೆಯ ಒಂದು? 10. ಎರಡನ್ನೂ ಸೇರಿಸಿಟ್ಟರೆ 25. ‘ಹಾಗಾದರೆ ನಿಮ್ಮ 2/5 ಎಷ್ಟಾಯಿತು?’ ಎಂದೆ. ಗೋಡೆಯ ಪಕ್ಕದ ಹುಡುಗಿ ಪಟ್ಟಿಯನ್ನು ಐದು ಭಾಗವಾಗಿ ಗುರುತು ಹಾಕಿ, ಎರಡು ಭಾಗ ಎಣಿಸಿ, ‘12 ಮಿಸ್. ಅರ್ಧಕ್ಕಿಂತಲೂ ಕಮ್ಮಿ! ಕೂಡಿಸಿದರೆ ಹೇಗೆ ಕಮ್ಮಿಯಾಗುತ್ತದೆ?’ ಎಂದಳು. ಆ ಪ್ರಶ್ನೆ ನನ್ನ ಯೋಜನೆಯಲ್ಲಿ ಎಲ್ಲೂ ಇರಲಿಲ್ಲ. ಅಲ್ಲಿಂದ ಛೇದ ಸಮ ಮಾಡುವುದಕ್ಕೆ ಬರಲು ಅವರಿಗೆ ಎರಡು ಅವಧಿ ಸಾಕಾಯಿತು.

ಕಷ್ಟ ಬೇರೆ ಕಡೆ ಇತ್ತು. ರಜೆಯಲ್ಲಿರುವ ಶಿಕ್ಷಕರ ತರಗತಿಗಳೆಲ್ಲ ನಮ್ಮ ಪಾಲಿಗೆ ಬರುತ್ತಿದ್ದವು. ಹಾಜರಿ, ಬಿಸಿಯೂಟದ ಸಾಲು, ಘಟಕ ಪರೀಕ್ಷೆಯ ಉತ್ತರ ಪತ್ರಿಕೆಗಳು ಬೇರೆ. ಇವುಗಳ ನಡುವೆ, ಕಲಿಸಿದ್ದೊಂದು, ಪಾಠ ಯೋಜನೆಯ ಪುಸ್ತಕದಲ್ಲಿರುವುದು ಇನ್ನೊಂದು ಎಂಬ ಭಯ. ಸುಳ್ಳು ಯೋಜನೆ ಬರೆಯಲು ಮನಸ್ಸು ಒಪ್ಪಲಿಲ್ಲ. ಬಲಪುಟದಲ್ಲಿ ಯೋಜನೆಯನ್ನು ಹಾಗೇ ಬಿಟ್ಟು, ಎಡಪುಟದಲ್ಲಿ ಆ ದಿನ ನಿಜವಾಗಿ ನಡೆದದ್ದನ್ನು, ಯಾರು ಎಲ್ಲಿ ತಪ್ಪಿದರು ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆಯತೊಡಗಿದೆ. ಮೊದಲೇ ತಿಳಿಸದೆ ವೀಕ್ಷಣೆಗೆ ಬಂದ ನಮ್ಮ ಉಪನ್ಯಾಸಕಿ ಪುಸ್ತಕ ತೆರೆದು, ‘ನೀವು ಕಲಿಸುತ್ತಿರುವುದು ಯೋಜನೆಯಲ್ಲಿ ಎಲ್ಲಿದೆ?’ ಎಂದು ಕೇಳಿದರು. ಎಡಪುಟ ತೋರಿಸಿದೆ. ಅವರು ಕೊನೆಯ ಬೆಂಚಿನಲ್ಲಿ ಕುಳಿತು ಅದನ್ನೇ ಓದುತ್ತಿದ್ದರು.

ಇಂಟರ್ನ್‌ಶಿಪ್‌ಗೆ ಹೋಗುವ ತಂಗಿಯರಿಗೂ ತಮ್ಮಂದಿರಿಗೂ ನಾನು ಹೇಳುವುದಿಷ್ಟೇ: ಮೊದಲ ವಾರ ಪಾಠ ಮುಗಿಸುವ ಆತುರ ಬೇಡ, ಹಿಂದಿನ ತರಗತಿಯ ಐದು ಲೆಕ್ಕ ಕೊಟ್ಟು ನೋಡಿ. ಪರಿವರ್ತನೀಯ ಗುಣಕ್ಕೆ ನಾನು ಹನ್ನೆರಡು ದಿನ ತಡವಾಗಿ ಬಂದೆ. ಅದು ಒಂದೇ ಅವಧಿಯಲ್ಲಿ ಮುಗಿಯಿತು.

ಕೊನೆಯ ವಾರ ಅದೇ ಹುಡುಗನಿಗೆ 3/4 + 1/6 ಕೊಟ್ಟೆ. 11/12 ಎಂದು ಬರೆದು ಒಂದು ಕ್ಷಣ ನೋಡಿ, ‘ಮುಕ್ಕಾಲಿಗಿಂತ ಜಾಸ್ತಿ ಬಂದಿದೆ ಮಿಸ್’ ಎಂದು ಸೀಮೆಸುಣ್ಣ ಕೆಳಗಿಟ್ಟ.