ಕರಿದ ಎಣ್ಣೆಯಿಂದ ಪಾತ್ರೆ ತೊಳೆಯುವ ದ್ರವ

ಮಡಿಕೇರಿ ಹತ್ತಿರ ಗಾಳಿಬೀಡು ರಸ್ತೆಯಲ್ಲಿ ನಮ್ಮದೊಂದು ಸಣ್ಣ ಹೋಂಸ್ಟೇ. ಪಾತ್ರೆ ತೊಳೆದ ನೀರು ಕಾಫಿ ತೋಟ ದಾಟಿ ಸೀದಾ ತೋಡಿಗೆ ಹೋಗುತ್ತದೆ. ಮೊದಲು ನಾನೂ ಆಸಿಡ್ ಸ್ಲರಿ ತಂದು ಡಿಶ್‌ವಾಶ್ ಕಲಸುತ್ತಿದ್ದೆ. ಅದು ಪೆಟ್ರೋಲಿಯಂನಿಂದ ಬಂದ ಸರಕು. ತೋಡಿನಲ್ಲಿ ನೊರೆ ತೇಲುವುದನ್ನು ನೋಡಿ, ಓದಿದ ಮೈಕ್ರೋಬಯಾಲಜಿ ನೆನಪಾಯಿತು.

ನಾನು ಬಳಸುವುದು ಸ್ಟಾರ್ಮರೆಲ್ಲಾ ಬಾಂಬಿಕೋಲಾ ಎಂಬ ಯೀಸ್ಟ್. ಸಕ್ಕರೆ, ಎಣ್ಣೆ ಎರಡೂ ಕೊಟ್ಟರೆ ಸೋಫೊರೊಲಿಪಿಡ್ ಎಂಬ ಜಿಡ್ಡು ಬಿಡಿಸುವ ಸೋಪಿನಂಥ ವಸ್ತು ಮಾಡಿಕೊಡುತ್ತದೆ. ಇದು ಮೊದಲು ಸಿಕ್ಕಿದ್ದು ಕೆನಡಾದಲ್ಲಿ, ಬಂಬಲ್ ಬೀ ಜೇನಿನಲ್ಲಿ. ಹಾಗಂತ ನಮ್ಮ ತುಡುವೆ ಜೇನಿನಲ್ಲಿ ಹುಡುಕಲು ಹೋಗಬೇಡಿ. ಸೂಕ್ಷ್ಮಜೀವಿಗಳನ್ನು ಸಂಗ್ರಹಿಸಿಡುವ ಚಂಡೀಗಢದ ಎಂಟಿಸಿಸಿಯಂಥ ಕಡೆಯಿಂದ ಕಾಲೇಜಿನ ಮೂಲಕ ಕಲ್ಚರ್ (ಜೀವಂತ ಯೀಸ್ಟ್) ತರಿಸಿ. ರ‍್ಯಾಮ್ನೋಲಿಪಿಡ್ ಎಂಬ ಇಂಥದ್ದೇ ಇನ್ನೊಂದು ಸೋಪು ಮಾಡುವ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾ ಮಾತ್ರ ಬೇಡ. ಅದು ಗಾಯಕ್ಕೆ ಸೋಂಕು ತರುವ ಜಾತಿ.

500 ಎಂಎಲ್ ಫ್ಲಾಸ್ಕಿಗೆ 100 ಎಂಎಲ್ ನೀರು ಸಾಕು. ಖಾಲಿ ಜಾಗ ಇದ್ದರೇ ಗಾಳಿ ಆಡುವುದು. 10 ಗ್ರಾಂ ಗ್ಲೂಕೋಸ್, 1 ಗ್ರಾಂ ಯೀಸ್ಟ್ ಎಕ್ಸ್‌ಟ್ರಾಕ್ಟ್, 0.1 ಗ್ರಾಂ ಯೂರಿಯಾ. ಯೂರಿಯಾ ಜಾಸ್ತಿ ಹಾಕಿದರೆ ಯೀಸ್ಟ್ ಸುಮ್ನೆ ಬೆಳೆಯುತ್ತಲೇ ಇರುತ್ತದೆ, ಸೋಪು ಕೊಡುವುದಿಲ್ಲ. 121 ಡಿಗ್ರಿಯಲ್ಲಿ 20 ನಿಮಿಷ ಆಟೊಕ್ಲೇವ್ ಮಾಡಿ, ಅಂದರೆ ಒತ್ತಡದ ಹಬೆಯಲ್ಲಿ ಕ್ರಿಮಿಗಳನ್ನು ಕೊಲ್ಲಿ. ಗ್ಲೂಕೋಸನ್ನು ಬೇರೆಯಾಗಿ ಮಾಡಿ, ಇಲ್ಲದಿದ್ದರೆ ಕಂದು ತಿರುಗುತ್ತದೆ. ಎರಡು ದಿನ ಬೆಳೆದ ಕಲ್ಚರ್ 5 ಎಂಎಲ್ ಸೇರಿಸಿ, ಫ್ಲಾಸ್ಕನ್ನು ಅಲುಗಾಡಿಸುತ್ತಲೇ ಇರುವ ಶೇಕರ್‌ಗೆ ಇಡಿ.

ಮರುದಿನದಿಂದ ಎಣ್ಣೆ, ದಿನಕ್ಕೆ 2 ಎಂಎಲ್‌ನಂತೆ ಐದು ದಿನ. ಬಾಳೆಕಾಯಿ ಬಜ್ಜಿ ಕರಿದು ಉಳಿದ ಸೂರ್ಯಕಾಂತಿ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ, ಅದನ್ನೂ ಆಟೊಕ್ಲೇವ್ ಮಾಡಿ ಹಾಕುತ್ತೇನೆ.

ಇಲ್ಲಿಯವರೆಗೆ ಎಲ್ಲ ಊರಲ್ಲೂ ಒಂದೇ. ನಮ್ಮಲ್ಲಿ ಕಷ್ಟ ಕೊಡುವುದು ಮಳೆಗಾಲ. ಈ ಯೀಸ್ಟ್‌ಗೆ 25ರಿಂದ 30 ಡಿಗ್ರಿ ಬೆಚ್ಚಗೆ ಬೇಕು, ಗಾಳಿಯೂ ಬೇಕು. ಕಕ್ಕಡ ಮಾಸದಲ್ಲಿ (ಜುಲೈ-ಆಗಸ್ಟ್) ನಮ್ಮ ಕೋಣೆ 20 ದಾಟುವುದೇ ಅಪರೂಪ. ಮೊದಲ ವರ್ಷ ಮರ ಬಿದ್ದು ಕರೆಂಟ್ ಹೋಯಿತು, ಶೇಕರ್ ಹದಿನೆಂಟು ಗಂಟೆ ನಿಂತಿತು. ಎಣ್ಣೆ ಮೇಲೆ ತೇಲಿ ಕೂತಿತ್ತು, ಕೆಳಗೆ ಏನೂ ಇಲ್ಲ. ಈಗ ಶೇಕರ್‌ಗೆ ಇನ್ವರ್ಟರ್ ಇದೆ, ಥರ್ಮೋಕೋಲ್ ಪೆಟ್ಟಿಗೆಯೊಳಗೆ 40 ವ್ಯಾಟಿನ ಹಳೇ ಬಲ್ಬ್ ಉರಿಯುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಹೊಸ ಬ್ಯಾಚ್ ಶುರು ಮಾಡದಿರುವುದೇ ಇನ್ನೂ ಒಳ್ಳೆಯದು.

ಏಳೆಂಟು ದಿನಕ್ಕೆ ಪಿಎಚ್ ಸುಮಾರು 3.5ಕ್ಕೆ ಇಳಿಯುತ್ತದೆ. ತಳದಲ್ಲಿ ಕಾಡುಜೇನಿನಂಥ ಕಂದು ಅಂಟು ಕೂರುತ್ತದೆ. ಅದೇ ಸರಕು. ಫ್ಲಾಸ್ಕನ್ನು ಬಿಸಿನೀರಿನಲ್ಲಿ ಇಟ್ಟರೆ ಚೆನ್ನಾಗಿ ಬೇರ್ಪಡುತ್ತದೆ. ಮೇಲಿನದನ್ನು ಬಗ್ಗಿಸಿ, ಚೆಲ್ಲುವ ಮೊದಲು ಮತ್ತೆ ಆಟೊಕ್ಲೇವ್ ಮಾಡಿ. ಉಳಿದ ಎಣ್ಣೆ ತೆಗೆಯಲು ಹೆಕ್ಸೇನ್ ಎಂಬ ದ್ರಾವಕ ಬೇಕು. ಅದು ಬೆಂಕಿಗೆ ಭಗ್ಗನೆ ಹತ್ತಿಕೊಳ್ಳುವಂಥದ್ದು, ಕಾಲೇಜ್ ಲ್ಯಾಬಿನಲ್ಲಿ ಆವಿಯನ್ನು ಹೊರಗೆ ಎಳೆಯುವ ಫ್ಯೂಮ್ ಹುಡ್‌ನಲ್ಲೇ ಮಾಡಿ. ನನಗೆ ಒಂದು ಫ್ಲಾಸ್ಕಿನಿಂದ ಐದಾರು ಗ್ರಾಂ ಸಿಗುತ್ತದೆ.

ಪರೀಕ್ಷೆ ಸುಲಭ. ತಟ್ಟೆ ನೀರಿನ ಮೇಲೆ ತೆಳ್ಳಗೆ ಎಣ್ಣೆ ಹರಡಿ, ನಡುವೆ ಆ ಅಂಟು ಕರಗಿಸಿದ ದ್ರವದ ಒಂದು ಹನಿ ಬಿಡಿ. ಎಣ್ಣೆ ಸರಿದು ದುಂಡಗೆ ಜಾಗ ಬಿಡಬೇಕು. ಪಕ್ಕದ ತಟ್ಟೆಯಲ್ಲಿ ಬರೀ ನೀರಿನ ಹನಿ ಬಿಟ್ಟು ಹೋಲಿಸಿ.

ಪಾತ್ರೆ ತೊಳೆಯಲು, ಬಿಸಿನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿ ಅಂಟನ್ನು ಕರಗಿಸಿಕೊಳ್ಳುತ್ತೇನೆ. ಪಂದಿ ಕರಿ ಮಾಡಿದ ಪಾತ್ರೆಯ ಜಿಡ್ಡನ್ನೂ ಬಿಡಿಸುತ್ತದೆ. ನೊರೆ ಮಾತ್ರ ಕಡಿಮೆ. "ನೊರೆ ಬರದಿದ್ದರೆ ತೊಳೆದ ಹಾಗೆ ಆಗುತ್ತಾ ಅಕ್ಕ?" ಅಂತ ಪಾತ್ರೆ ತೊಳೆಯಲು ಬರುವ ಹುಡುಗಿ ಈಗಲೂ ಕೇಳುತ್ತಾಳೆ. ನಾನು ಆಚೆ ಹೋದಾಗ ಹಳೇ ಬಾಟಲಿ ಹೊರಗೆ ಬರುತ್ತದೆ, ನನಗೆ ಗೊತ್ತು.