ಕ್ಯಾಲಿಪ್ಸೊ ಲಯ ನನಗೆ ಸಿಕ್ಕಿದ್ದು ಕಾಲಿನಲ್ಲಿ

ಹದಿನೈದು ವರ್ಷ ಮೃದಂಗ ನುಡಿಸಿದ್ದೆ, ಕ್ಯಾಲಿಪ್ಸೊ ಎಂಬ ಕೆರಿಬಿಯನ್ ಹಾಡುಗಳ ಎಂಟು ಎಣಿಕೆಯ ಲಯ ಕಷ್ಟವಾಗಲಾರದು ಅಂದುಕೊಂಡೇ ಪೋರ್ಟ್ ಆಫ್ ಸ್ಪೇನ್‌ನ ಒಂದು ಪ್ಯಾನ್ ಯಾರ್ಡ್‌ಗೆ ಹೋದೆ. ಟ್ರಿನಿಡಾಡ್ ದ್ವೀಪದ ಸ್ಟೀಲ್ ಪ್ಯಾನ್ (ಉಕ್ಕಿನ ಪೀಪಾಯಿಯಿಂದ ಮಾಡಿದ ವಾದ್ಯ) ತಂಡಗಳು ಅಭ್ಯಾಸ ಮಾಡುವ ಅಂಗಳ ಅದು. ನನ್ನ ಕೈಗೆ ಬಂದಿದ್ದು ಐರನ್, ಅಂದರೆ ವಾಹನದ ಹಳೇ ಬ್ರೇಕ್ ಡ್ರಮ್, ಹೊಡೆಯಲು ಒಂದು ಕಬ್ಬಿಣದ ಸರಳು.

ಲೆಕ್ಕ ನನಗೆ ಗೊತ್ತಿದ್ದದ್ದೇ. ತಕಿಟ ತಕಿಟ ತಕ. 3, 3, 2. ಪೆಟ್ಟು ಬೀಳುವುದು 1, 4, 7ರ ಮೇಲೆ. ಬಾಯಲ್ಲಿ ಸರಿಯಾಗಿಯೇ ಬಂತು, ನುಡಿಸಿದರೆ ಮಾತ್ರ ಅದು ಕ್ಯಾಲಿಪ್ಸೊ ಅನಿಸಲಿಲ್ಲ. ಪಕ್ಕದಲ್ಲಿದ್ದ ಹಿರಿಯರು ನನ್ನ ಕೈ ನೋಡಲೇ ಇಲ್ಲ, ಕಾಲು ತೋರಿಸಿದರು. ಅದೂ ಕೈ ಜೊತೆಗೇ 1, 4, 7ಕ್ಕೆ ತಟ್ಟುತ್ತಿತ್ತು!

ಕಾಲು ಬೀಳಬೇಕಾದ್ದು 1, 3, 5, 7ಕ್ಕೆ, ನಡೆಯುವ ಹಾಗೆ ಒಂದೇ ಸಮ. ಆಗ ಮೊದಲ ಪೆಟ್ಟು ಹೆಜ್ಜೆಯ ಜೊತೆ ಬೀಳುತ್ತದೆ, ಕೊನೆಯದೂ ಅಷ್ಟೇ, ನಡುವಿನ 4 ಮಾತ್ರ ಕಾಲು ಇನ್ನೂ ಮೇಲಿರುವಾಗ ಬಂದುಬಿಡುತ್ತದೆ. ಸಿಂಕೊಪೇಶನ್ ಅನ್ನುವುದು ಇದನ್ನೇ. ಕೈ ಸುಮ್ನೆ ಇರುವುದಿಲ್ಲ, ಆ 4ನ್ನು 5ಕ್ಕೆ ಎಳೆದು ಹೆಜ್ಜೆಯ ಮೇಲೆ ಕೂರಿಸಲು ನೋಡುತ್ತದೆ. ಕೂರಿಸಿದರೆ ಅದು ಕವಾಯತಿನ ಬ್ಯಾಂಡು. ನನ್ನಿಂದ ಜಾಸ್ತಿ ಆಗುತ್ತಿದ್ದ ತಪ್ಪು ಇನ್ನೊಂದು: ಮೂರು ಪೆಟ್ಟನ್ನೂ ಸಮನಾಗಿ ಹಂಚಿ ತಿಶ್ರ ಮಾಡಿಬಿಡುತ್ತಿದ್ದೆ. ಕೊನೆಯ 'ತಕ' ಗಿಡ್ಡವಾಗಿಯೇ ಇರಬೇಕು, ಮುಂದಿನ 1 ಬೇಗ ಬಂತು ಅನಿಸುವುದು ಅದರಿಂದಲೇ ಅಲ್ವಾ.

ಎರಡು ವಾರ ಐರನ್ ಮುಟ್ಟಲಿಲ್ಲ. ಬೆಳಿಗ್ಗೆ ಊರಿನ ದೊಡ್ಡ ಮೈದಾನ ಕ್ವೀನ್ಸ್ ಪಾರ್ಕ್ ಸವಾನ್ನಾದಲ್ಲಿ ನಡೆಯುತ್ತಾ ಬಾಯಲ್ಲಿ ತಕಿಟ, ಕೈಯಲ್ಲಿ ಚಪ್ಪಾಳೆ. ಮೊದಲು ತೀರಾ ನಿಧಾನ. ಹೆಜ್ಜೆ ತಪ್ಪಿದರೆ ನಿಂತು ಮತ್ತೆ 1ರಿಂದ.

ಈ ಲಯದ ಹಿಂದೆ ಒಂದು ನೋವಿನ ಕತೆಯಿದೆ, ಅದು ತಿಳಿದ ಮೇಲೆ ನನ್ನ ಕಿವಿಯೇ ಬದಲಾಯಿತು. 1880ರ ದಶಕದಲ್ಲಿ ಬ್ರಿಟಿಷ್ ಆಡಳಿತ ಅಲ್ಲಿ ಡೋಲು ಬಾರಿಸುವುದಕ್ಕೆ ನಿರ್ಬಂಧ ಹಾಕಿತು. ಜನ ಡೋಲಿನ ಬದಲು ಬಿದಿರು ಹಿಡಿದರು, ಅದೇ ಟ್ಯಾಂಬೂ ಬ್ಯಾಂಬೂ. ದಪ್ಪ ಬಿದಿರಿನ ಬೂಮ್ ನೆಲಕ್ಕೆ ಕುಟ್ಟಲು, ಸಣ್ಣ ಬಿದಿರಿನ ಕಟರ್ ಅದರ ಮೇಲೆ ಚುರುಕಾಗಿ ಆಡಲು. ನನ್ನ ಕಾಲು ಬೂಮ್, ಕೈ ಕಟರ್ ಅಂತ ಮನಸ್ಸಿಗೆ ಬಂದ ದಿನವೇ ಬಿಗಿ ಕಳೆಯಿತು.

ಮತ್ತೆ ಯಾರ್ಡ್‌ಗೆ ಹೋದಾಗ ಎಂಜಿನ್ ರೂಮ್‌ನಲ್ಲಿ, ಅಂದರೆ ಐರನ್, ಕೆರೆದು ನುಡಿಸುವ ಸ್ಕ್ರ್ಯಾಚರ್, ಕಾಂಗಾ ಡೋಲು ಎಲ್ಲ ಸೇರುವ ಜಾಗದಲ್ಲಿ, ನಿಲ್ಲಿಸಿದರು. ಆ ಹಿರಿಯರು ಸ್ವಲ್ಪ ಹೊತ್ತು ಕೇಳಿಸಿಕೊಂಡರು. ಆಮೇಲೆ ತಮ್ಮ ಐರನ್ ಎತ್ತಿಕೊಂಡು, ನಾನು ಬಿಟ್ಟ ಜಾಗಗಳಲ್ಲಿ ಹೊಡೆಯತೊಡಗಿದರು.